ಸೈದಪ್ಪನವರ ಗಾಡಿ ರೋಲರ್ ಏರಿದ ದಿನ

ಆಳಂದದ ಚೆಕ್ ಪೋಸ್ಟ್ ಹತ್ತಿರದ ಚಹಾದ ಅಂಗಡಿಯಲ್ಲಿ ಇನ್ನೂ ಸ್ಟೋವ್ ಹೊತ್ತಿಲ್ಲ. ಎದುರಿನ ಬೇವಿನ ಗಿಡದ ಕೆಳಗೆ ನಿಂತ ಜೀಪಿನಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಜೀಪು ಜೇವರ್ಗಿಯದು. ಅದರ ಮಾಲೀಕ ಅಣ್ಣಾರಾಯರು ಟವೆಲ್ ಹೊದ್ದು, ಕೈ ಉಜ್ಜುತ್ತ ಅತ್ತಿಂದಿತ್ತ ತಿರುಗುತ್ತಿದ್ದಾರೆ. ಬೆಳಗಾಗುವುದರೊಳಗೆ ಹೊರಡಬೇಕೆಂದು ಅವರು ಆಗಲೇ ಎರಡು ಸಲ ಹೇಳಿಯಾಗಿದೆ. ಜೀಪಿನಡಿಯಿಂದ ನಟ್ಟು ಬಿಗಿಯುವ ಪಾನಾದ ಸದ್ದು ಬರುತ್ತಿದೆ.

ಸ್ವಲ್ಪ ಹೊತ್ತಿಗೆ ಕಾಲುಗಳ ಹಿಂದೆ ಮೈಯೂ ಹೊರಬರುತ್ತದೆ. ಎಣ್ಣೆ ಮೆತ್ತಿದ ಖಾಕಿ ಅಂಗಿ, ತಲೆಗೆ ಸುತ್ತಿದ ಪಂಜೆ, ನರೆತ ಮೀಸೆ. ಮೆಕ್ಯಾನಿಕ್ ಸೈದಪ್ಪ ಸ್ಟೀರಿಂಗ್ ಹಿಡಿದು ಕೂತು, ತಮ್ಮ ರಿಪೇರಿ ಶೆಡ್ಡಿನ ಪಕ್ಕದ ಮಣ್ಣಿನ ಏರಿಗೆ ಜೀಪು ಹತ್ತಿಸುತ್ತಾರೆ. ಅರ್ಧ ಏರಿದ ಮೇಲೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಹತ್ತಿಸುತ್ತಾರೆ. ಕೆಳಗಿಳಿದು ಬಂದವರು ಹಿಂದಿನ ಎರಡೂ ಚಕ್ರಗಳ ಬಳಿ ಕುಕ್ಕರಗಾಲಲ್ಲಿ ಕೂತು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ ಬ್ರೇಕಿನ ಡ್ರಮ್ಮಿನ ಮೇಲೆ ಅಂಗೈ ಇಡುತ್ತಾರೆ.

“ತಣ್ಣಗದ. ಒಯ್ರಿ ಇನ್ನ.”

ಅಣ್ಣಾರಾಯರ ಜೀಪು ಹೊಗೆಯುಗುಳುತ್ತ ಹೋಗುತ್ತದೆ. ಹುಟ್ಟಿದಾಗ ಅದು ಪೆಟ್ರೋಲ್ ಜೀಪು. ಈಗ ಅದರ ಹೊಟ್ಟೆಯಲ್ಲಿರುವುದು ಬೇರೆ ಯಾವುದೋ ಗಾಡಿಯ ಡೀಸೆಲ್ ಎಂಜಿನ್. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ಹೀಗೆ ಎರಡನೇ ಜನ್ಮ ಪಡೆದ ಗಾಡಿಗಳು ಬೇಕಾದಷ್ಟಿವೆ. ಮದುವೆಯ ದಿಬ್ಬಣ, ತೊಗರಿಯ ಚೀಲ, ಬಾಣಂತಿ, ರೋಗಿ ಎಲ್ಲವನ್ನೂ ಹೊತ್ತು ಅವು ಓಡುತ್ತವೆ. ಅವುಗಳಲ್ಲಿ ಕೂತವರಿಗೆ ಡ್ರೈವರ್ ಹೆಸರು ಗೊತ್ತು, ಮಾಲೀಕರ ಹೆಸರು ಗೊತ್ತು. ಸೈದಪ್ಪನವರ ಹೆಸರು ಗೊತ್ತಿರುವವರು ಕಡಿಮೆ.

ಐವತ್ತರ ಹತ್ತಿರ ಬಂದಿರುವ ಸೈದಪ್ಪ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವರು. ತಂದೆ ಬೀರಣ್ಣ ಕುರಿ ಕಾಯುತ್ತಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ ಕುರಿ ಬಿಟ್ಟು ಆಳಂದಕ್ಕೆ ಬಂದ ಮಗ, ಲಾರಿ ರಿಪೇರಿಯ ಯಾಕೂಬಸಾಬರ ಶೆಡ್ಡಿನಲ್ಲಿ ನಿಂತರು. “ಉಸ್ತಾದರು ಬೈದು ಕಲಿಸಲಿಲ್ರಿ. ತಪ್ಪ ಮಾಡಿದ್ರ ಅದನ್ನ ಬಿಚ್ಚಿ ಮತ್ತ ನನ್ ಮುಂದ ಇಡ್ತಿದ್ರು, ಅಷ್ಟ” ಎಂದು ನೆನೆಯುತ್ತಾರೆ. ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ ಸ್ವಂತದ್ದೊಂದು ಶೆಡ್ ಮಾಡಿಕೊಂಡಾಗ ಯಾಕೂಬಸಾಬರೇ ಬಂದು ತೆಂಗಿನಕಾಯಿ ಒಡೆಸಿದರಂತೆ.

ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ನಿಲ್ಲುವುದು ಕಷ್ಟ. ನಡುಮಧ್ಯಾಹ್ನ ಪಾನಾ ಮುಟ್ಟಿದರೆ ಕೈ ಸುಡುತ್ತದೆ. ಆದ್ದರಿಂದಲೇ ನಸುಕಿನಲ್ಲಿ ಕೆಲಸ ಶುರು. ದಿನಕ್ಕೆ ನಾಲ್ಕೈದು ಗಾಡಿಗಳ ಸಣ್ಣ ರಿಪೇರಿ ಬರುತ್ತದೆ. ಎಂಜಿನ್ ಬದಲಿಸುವ ಕೆಲಸ ತಿಂಗಳಿಗೊಂದು ಬಂದರೆ ದೊಡ್ಡದು. ಬಿಡಿಭಾಗಕ್ಕೆ ಸೊಲ್ಲಾಪುರಕ್ಕೇ ಹೋಗಬೇಕು. ಗೇರ್ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿದರೆ ಕಂಡಕ್ಟರ್ ಜಗಳಕ್ಕೆ ನಿಲ್ಲುತ್ತಿದ್ದ ಕಾಲವೂ ಇತ್ತು. ಈಗ ಎಲ್ಲ ಕಂಡಕ್ಟರುಗಳಿಗೂ ಅವರ ಚೀಲ ಪರಿಚಯ.

ಆದರೆ ಸೈದಪ್ಪನವರ ಬಾಯಲ್ಲಿ ಕಷ್ಟ ಅಂದರೆ ಬಿಸಿಲೂ ಅಲ್ಲ, ಬಸ್ಸೂ ಅಲ್ಲ. ಅದು ಹಿರೋಳ್ಳಿಯ ದೌಲತರಾಯ ಗೌಡರ ಅಂಬಾಸಡರ್ ಕಾರು.

ಪೆಟ್ರೋಲಿನ ಖರ್ಚಿಗೆ ಹೆದರಿ ಗೌಡರು ಆ ಕಾರನ್ನು ವರ್ಷಗಟ್ಟಲೆ ಕಣದ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಸೈದಪ್ಪ ಅದನ್ನು ಎಳೆಸಿಕೊಂಡು ಬಂದು, ಮಗುಚಿ ಬಿದ್ದು ಗುಜರಿ ಸೇರಿದ್ದ ವ್ಯಾನೊಂದರ ಡೀಸೆಲ್ ಎಂಜಿನ್ ಕೂರಿಸಿದರು. ಎಂಜಿನ್ ಕೂಡ ಪೂರ್ತಿ ಒಂದೇ ಗಾಡಿಯದ್ದಲ್ಲ; ಒಳಗಿನ ಕ್ರ್ಯಾಂಕು ಇನ್ನೊಂದರದ್ದು, ಸವೆದ ಸಿಲಿಂಡರಿನೊಳಗೆ ಕೂರುವ ಹೊಸ ಕೊಳವೆ, ಅಂದರೆ ಸ್ಲೀವ್, ಕಡೆದುಕೊಟ್ಟವರು ಯಾಕೂಬಸಾಬರು. ಕಾರು ಓಡಿತು. ಗೌಡರು ಅದನ್ನು ಮನೆಗಷ್ಟೇ ಇಟ್ಟುಕೊಳ್ಳಲಿಲ್ಲ. ಗಡಿಯ ಆ ಊರಿಗೆ ದೊಡ್ಡ ದವಾಖಾನೆ ಅಂದರೆ ಸೊಲ್ಲಾಪುರವೇ. ಯಾರಿಗೆ ಏನಾದರೂ ಡ್ರೈವರ್ ದತ್ತಪ್ಪನವರು ಕಾರು ತೆಗೆಯುತ್ತಿದ್ದರು.

ತೊಂಬತ್ನಾಲ್ಕರ ಮಳೆಗಾಲದಲ್ಲಿ ಗೌಡರ ಸೊಸೆ ಶಾರದಾಬಾಯಿಗೆ ಹೆರಿಗೆ ನೋವು ಕಾಣಿಸಿತು. ಕಾರು ಹೊರಟಿತು. ವಾಗ್ದರಿ ದಾಟಿದ ಮೇಲೆ ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಇಳಿಜಾರಿನಲ್ಲಿ ಕಾರು ನಿಲ್ಲಿಸಿ ನೀರು ಇಳಿಯುವವರೆಗೆ ಕಾದರು. ಆಮೇಲೆ ಹಳ್ಳ ದಾಟಿ ಆಚೆಯ ದಿಬ್ಬ ಹತ್ತುವಾಗ ಕಾರು ಸೋತುಬಿಟ್ಟಿತು. ಒಂದನೇ ಗೇರಿನಲ್ಲೂ ತೆವಳಿತು, ಸುಟ್ಟ ವಾಸನೆ ಬಂತು, ದಿಬ್ಬದ ನಡುವೆ ನಿಂತೇಬಿಟ್ಟಿತು. ಹೊಲದಿಂದ ಓಡಿಬಂದ ಗಂಡಸರು ನೂಕಿದರು. ಕಾರು ಅಲುಗಾಡುವುದರೊಳಗೆ ಹಿಂದಿನ ಸೀಟಿನಲ್ಲೇ ಹೆರಿಗೆಯಾಯಿತು. ಜೊತೆಗಿದ್ದ ಸೂಲಗಿತ್ತಿ ಗುರಮ್ಮ ತಾಯಿಯನ್ನೂ ಹೆಣ್ಣು ಕೂಸನ್ನೂ ಉಳಿಸಿಕೊಂಡರು.

ಊರಿನವರು ಅದನ್ನು ಹೇಳಿ ಹೇಳಿ ನಕ್ಕರು. ಸೈದಪ್ಪನವರಿಗೆ ನಗು ಬರಲಿಲ್ಲ. ಎಂಜಿನ್ ಸುಟ್ಟಿದೆ, ಎರಡು ಸತ್ತ ಎಂಜಿನ್ ಸೇರಿಸಿದರೆ ಇನ್ನೇನಾಗುತ್ತದೆ ಎಂಬ ಮಾತು ಟ್ಯಾಕ್ಸಿ ಸ್ಟ್ಯಾಂಡಿನಿಂದ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಯಿತು. ಅಫಜಲಪುರದಿಂದ ಬರಬೇಕಿದ್ದ ಗಾಡಿಗಳು ಬರಲಿಲ್ಲ. ಅವರು ಎಂಜಿನ್ ಪೂರ್ತಿ ಬಿಚ್ಚಿ ನೋಡಿದರು. ಎಲ್ಲ ಸರಿಯಿತ್ತು. ಜೋಡಿಸಿ ಮತ್ತೊಮ್ಮೆ ಬಿಚ್ಚಿದರು. ಆಗಲೂ ಸರಿಯಿತ್ತು.

“ತಪ್ಪ ಸಿಕ್ಕಿದ್ರ ಚಲೋ ಇತ್ರಿ. ಸಿಗಲಿಲ್ಲ. ಗೌಡ್ರು ಒಂದ ಮಾತ ಬೈದಿದ್ರ ಎದಿ ಹಗುರಾಗ್ತಿತ್ತು, ಅವ್ರೂ ಬೈಲಿಲ್ಲ” ಎನ್ನುತ್ತಾರೆ ಸೈದಪ್ಪ. ಕಾರು ಮತ್ತೆ ರೋಗಿಗಳನ್ನು ಒಯ್ಯುತ್ತಲೇ ಇತ್ತು. ಅದು ಸೊಲ್ಲಾಪುರದ ದಾರಿ ಹಿಡಿಯಿತೆಂದು ಕಿವಿಗೆ ಬಿದ್ದರೆ ಸಾಕು, ಅದು ಮರಳಿ ಬಂದ ಸುದ್ದಿ ತಿಳಿಯುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ನಿಂಬೆವ್ವ ರೊಟ್ಟಿ ಮುಚ್ಚಿಟ್ಟು ಕಾಯುತ್ತಿದ್ದರು. ಇನ್ನು ಎಂಜಿನ್ ಬದಲಿಸುವ ಕೆಲಸವೇ ಬೇಡ, ಪಂಕ್ಚರ್ ಹಾಕಿಕೊಂಡು ಇರುತ್ತೇನೆ ಎಂದು ಅವರು ನಿಂಬೆವ್ವನ ಮುಂದೆ ಹೇಳಿದ್ದೂ ಉಂಟು.

ಮುಂದಿನ ಚಳಿಗಾಲದಲ್ಲಿ ದತ್ತಪ್ಪನವರು ಸೊಲ್ಲಾಪುರದಿಂದ ಒಂದು ಸುದ್ದಿ ತಂದರು. ಅಲ್ಲಿ ಕಾರುಗಳ ಪ್ರದರ್ಶನ ನಡೆಯಲಿದೆ, ಎಂಜಿನ್ನಿನ ಬಲ ಅಳೆಯುವ ಯಂತ್ರವೊಂದನ್ನು ಪುಣೆಯಿಂದ ತರಿಸುತ್ತಿದ್ದಾರೆ, ಯಾರು ಬೇಕಾದರೂ ಗಾಡಿ ಒಯ್ದು ತೋರಿಸಬಹುದು. ಹಿಂದಿನ ಚಕ್ರಗಳನ್ನು ಎರಡು ಕಬ್ಬಿಣದ ರೋಲರುಗಳ ಮೇಲೆ ನಿಲ್ಲಿಸಿ, ಗಾಡಿಯನ್ನು ಪಟ್ಟಿಯಿಂದ ಬಿಗಿದು, ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಾರೆ. ಗಾಡಿ ನಿಂತಲ್ಲೇ ಓಡುತ್ತದೆ. ಚಕ್ರಕ್ಕೆ ಎಷ್ಟು ಹಾರ್ಸ್‌ಪವರ್ ಮುಟ್ಟುತ್ತಿದೆ ಎಂಬುದನ್ನು ಮುಳ್ಳು ತೋರಿಸುತ್ತದೆ.

ಸೈದಪ್ಪ ಹೆದರಿದರು. ಎರಡು ಗಾಡಿಗಳಿಂದ ಕೂಡಿಸಿದ ಎಂಜಿನ್ ಅದು. ರಸ್ತೆಯ ಮೇಲೆ ಯಾರೂ ಅದನ್ನು ಅಷ್ಟು ಹೊತ್ತು ಪೂರ್ತಿ ಬಲದಲ್ಲಿ ಓಡಿಸುವುದಿಲ್ಲ. ಅಲ್ಲಿ ಒಡೆದುಹೋದರೆ ಹಿರೋಳ್ಳಿಗೆ ಇದ್ದ ಒಂದು ಗಾಡಿಯೂ ಇಲ್ಲವಾಗುತ್ತದೆ. ಬೇಡವೇ ಬೇಡ ಎಂದರು. ದತ್ತಪ್ಪ ಬೀಡಿ ಆರಿಸಿ ಹೇಳಿದ ಮಾತು ಇಷ್ಟೇ:

“ಒಡಿಯೂದಿದ್ರ ಅಲ್ಲೇ ಒಡೀಲಿ ಸೈದಣ್ಣ. ಬಸರ ಹೆಣ್ಮಗಳ್ನ ಕೂಡ್ಸ್ಕೊಂಡ್ ಹೊಂಟಾಗ ಒಡಿಯೂದ್ ಬ್ಯಾಡ.”

ಸೈದಪ್ಪ ಹಿರೋಳ್ಳಿಗೆ ಹೋಗಿ ಗೌಡರನ್ನು ಕೇಳಿದರು. ಗೌಡರು ಒಯ್ಯಿರಿ ಎಂದರು.

ಪ್ರದರ್ಶನದ ಮೈದಾನದಲ್ಲಿ ಬಣ್ಣ ಬಳಿದ, ಅಗಲ ಚಕ್ರ ಹಾಕಿಸಿದ, ಸೈಲೆನ್ಸರ್ ಬದಲಿಸಿ ಗುಡುಗುವ ಕಾರುಗಳ ನಡುವೆ ಹಿರೋಳ್ಳಿಯ ಅಂಬಾಸಡರ್ ಸರದಿಯಲ್ಲಿ ನಿಂತಿತು. ಯಂತ್ರಕ್ಕೆ ಏರಲು ಹಲಗೆಯ ಇಳಿಜಾರು ಮಾಡಿದ್ದರು. ಊರಲ್ಲಿ ಗಾಡಿ ನಿಲ್ಲಿಸಿದರೆ ಚಕ್ರಕ್ಕೆ ಒಂದು ಕಲ್ಲು ಕೊಡುವುದು ದತ್ತಪ್ಪನವರ ರೂಢಿ. ಹಲಗೆಯ ಮೇಲೆ ಕಲ್ಲು ಇಡಲು ಕಾವಲುಗಾರ ಬಿಡಲಿಲ್ಲ. ದತ್ತಪ್ಪ ಹ್ಯಾಂಡ್ ಬ್ರೇಕ್ ಎಳೆದು ಕೂತರು.

ಯಂತ್ರ ನಡೆಸುತ್ತಿದ್ದ ಹಸನಸಾಬ ಮೂಲತಃ ಅಫಜಲಪುರದವರು, ಸೊಲ್ಲಾಪುರದಲ್ಲಿ ಮೋಟಾರ್ ವಿದ್ಯೆ ಕಲಿಸುವವರು. ತಮ್ಮ ಕಡೆಯ ಕನ್ನಡ ಕೇಳಿ ಅವರ ಮುಖ ಅರಳಿತು. ಕಾರು ರೋಲರ್ ಏರಿತು. ಪಟ್ಟಿ ಬಿಗಿದರು. ದತ್ತಪ್ಪ ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಒರಲಿತು, ಕಪ್ಪು ಹೊಗೆ ಎದ್ದಿತು, ಮುಳ್ಳು ಇಪ್ಪತ್ತೆರಡಕ್ಕೆ ಹೋಗಿ ನಡುಗುತ್ತ ನಿಂತಿತು. ಹಳ್ಳದ ದಿಬ್ಬದಲ್ಲಿ ಬಂದಿತ್ತು ಎನ್ನುತ್ತಿದ್ದ ಅದೇ ಸುಟ್ಟ ವಾಸನೆ. ನೋಡುತ್ತ ನಿಂತವರಲ್ಲಿ ಯಾರೋ ನಕ್ಕರು. ಸೈದಪ್ಪ ಸಾಕು ಎಂದು ಕೈ ಮಾಡಿದರು. ಅವರ ಪಾಲಿಗೆ ಎಲ್ಲ ಮುಗಿದಿತ್ತು.

ಹಸನಸಾಬ ಮಾತ್ರ ರೋಲರನ್ನೇ ನೋಡುತ್ತಿದ್ದರು. ಕ್ಲಚ್ ಒತ್ತಿದ ಮೇಲೂ ಅದು ತಾನಾಗಿ ಕೆಲ ಹೊತ್ತು ತಿರುಗಬೇಕು. ಇದು ತಟಕ್ಕನೆ ನಿಂತಿತ್ತು.

“ಎಂಜಿನ್‌ದಲ್ಲ ಇದು” ಎಂದರು ಅವರು. “ಯಾರೋ ಹಿಂದಿಂದ ಹಿಡಕೊಂಡಾರ. ಚಕ್ರ ನೋಡ್ರಿ.”

ಸೈದಪ್ಪ ಹಿಂದಿನ ಚಕ್ರದ ಹತ್ತಿರ ಕೈ ಒಯ್ದು ಸರಕ್ಕನೆ ಹಿಂದೆ ತೆಗೆದರು. ಡ್ರಮ್ಮು ಕೆಂಡವಾಗಿತ್ತು. ಕಾರನ್ನು ಪಕ್ಕಕ್ಕೆ ತೆಗೆಸಿ ಕೆಳಗೆ ನುಸುಳಿದರು. ಹ್ಯಾಂಡ್ ಬ್ರೇಕಿನ ಕೇಬಲ್ ಅದರ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೇಲಿನ ಹಿಡಿಕೆ ಇಳಿಸಿದರೂ ಕೆಳಗೆ ಬ್ರೇಕು ಬಿಟ್ಟಿರಲಿಲ್ಲ. ಎಂಜಿನ್ ಹೊಸದಾಗಿ ಕೂರಿಸುವಾಗ ಹಳೆಯ ಕೇಬಲನ್ನು ಹಾಗೇ ಬಿಟ್ಟವರು ಅವರೇ. ಹೊರಗೆ ಬಂದು ದತ್ತಪ್ಪನವರನ್ನು ಒಂದೇ ಪ್ರಶ್ನೆ ಕೇಳಿದರು: ಅವತ್ತು ಹಳ್ಳದ ದಂಡೆಯಲ್ಲಿ ಕಾಯುವಾಗ ಚಕ್ರಕ್ಕೆ ಕಲ್ಲು ಕೊಟ್ಟಿದ್ದಿರಾ? ಇಲ್ಲ, ಎಲ್ಲ ಕೆಸರು, ಕಲ್ಲು ಸಿಗಲಿಲ್ಲ, ಹ್ಯಾಂಡ್ ಬ್ರೇಕ್ ಎಳೆದಿದ್ದೆ ಎಂದರು ದತ್ತಪ್ಪ. ಹೇಳುತ್ತ ಹೇಳುತ್ತಲೇ ಅವರಿಗೂ ತಿಳಿಯಿತು. ಅವತ್ತು ಜನ ನೂಕಿದ ಏಟಿಗೆ ಕೇಬಲ್ ತಾನಾಗಿ ಬಿಟ್ಟುಕೊಂಡಿರಬೇಕು; ಆಮೇಲೆಲ್ಲ ಚಕ್ರಕ್ಕೆ ಕಲ್ಲು ಸಿಕ್ಕಿದ್ದರಿಂದ ಅದು ಮತ್ತೆ ಕಚ್ಚಿರಲಿಲ್ಲ.

ಕೇಬಲ್ ಬಿಡಿಸಿ, ಎಣ್ಣೆ ಹಾಕಿ, ಡ್ರಮ್ಮು ಆರಲು ಬಿಟ್ಟರು. ಹಸನಸಾಬ ಬೇರೆ ಗಾಡಿಗಳನ್ನು ಮುಗಿಸಿ ಕೊನೆಯಲ್ಲಿ ಅವರನ್ನು ಮತ್ತೆ ಕರೆದರು. ಆದರೆ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಎಂಜಿನ್ ಪೂರ್ತಿ ಬಲ ತೋರಿಸಬೇಕಾದದ್ದು ಈಗ. ಕಾರಿನ ಬಾನೆಟ್ ತೆರೆದೇ ಇತ್ತು. ದತ್ತಪ್ಪ ಆಕ್ಸಿಲರೇಟರ್ ಒತ್ತಿದಾಗ ಸೈದಪ್ಪ ಮುಳ್ಳು ನೋಡಲಿಲ್ಲ. ಯಾಕೂಬಸಾಬರು ಸ್ಲೀವ್ ಕಡೆದುಕೊಟ್ಟ ಆ ಸಿಲಿಂಡರ್ ಇರುವ ಜಾಗವನ್ನೇ ಕಣ್ಣೆವೆ ಮುಚ್ಚದೆ ನೋಡಿದರು. ಎತ್ತಿದ ಕೈಯನ್ನು ಹಸನಸಾಬ ಇಳಿಸಲೇ ಇಲ್ಲ. ಇನ್ನೂ ಒತ್ತು, ಇನ್ನೂ ಒತ್ತು ಎಂದು ಸನ್ನೆ. ಎಂಜಿನ್ ಇಡೀ ನಡುಗಿತು, ಬಿಸಿಗಾಳಿ ಮುಖಕ್ಕೆ ರಾಚಿತು, ಒಂದು ತೊಟ್ಟು ಎಣ್ಣೆಯೂ ಹೊರಬರಲಿಲ್ಲ.

ಕೈ ಇಳಿಯಿತು. ರೋಲರ್ ಬಹಳ ಹೊತ್ತು ತಿರುಗಿ, ತಾನಾಗಿ ನಿಂತಿತು.

“ಮೂವತ್ತಾರು” ಎಂದರು ಹಸನಸಾಬ. “ಹೊಸಾ ಎಂಜಿನ್ ತಂದ್ರೂ ಇದಕ್ಕಿಂತ ಎರಡ ಮೂರ ಹೆಚ್ಚಿಗಿ ಬರಬಹುದು, ಅಷ್ಟ. ಆರಾಮ ಓಡಸ್ರಿ.”

“ಅಲ್ಲೇ ನೆಲಕ್ಕ ಕುಂತೆರಿ” ಎನ್ನುತ್ತಾರೆ ಸೈದಪ್ಪ, ಈಗಲೂ ಸ್ವಲ್ಪ ನಾಚಿಕೊಂಡು. “ಯಾರೋ ನೀರ ಕೊಟ್ರು, ಕುಡಿದೆ. ದತ್ತಪ್ಪ ಕಾರಿನ್ಯಾಗಿಂದ ಇಳೀಲೇ ಇಲ್ಲ, ಸ್ಟೀರಿಂಗ್ ಮ್ಯಾಲ ತಲಿ ಇಟ್ಟು ಕುಂತಿದ್ದ.”

ಮರಳಿ ಬರುವಾಗ ಆ ದಿಬ್ಬ ಬಂತು. ಈಗ ಹೋಗುವುದು ಇಳಿಯುವ ಕಡೆಗೆ. ಸೈದಪ್ಪ ಕಾರನ್ನು ಹಳ್ಳದವರೆಗೆ ಇಳಿಸಿ ತಿರುಗಿಸಲು ಹೇಳಿದರು. ಹ್ಯಾಂಡ್ ಬ್ರೇಕ್ ಎಳೆಸಿ, ಬಿಡಿಸಿ, ಹತ್ತಿಸು ಎಂದರು. ಎರಡನೇ ಗೇರಿನಲ್ಲಿ ಕಾರು ದಿಬ್ಬದ ನೆತ್ತಿ ಮುಟ್ಟಿತು. ಇಬ್ಬರೂ ಅಲ್ಲಿ ನಿಂತು ಎಲೆ ಅಡಿಕೆ ಹಾಕಿಕೊಂಡರು.

ಹಿರೋಳ್ಳಿಯಲ್ಲಿ ಗೌಡರ ಕಟ್ಟೆಯ ಮುಂದೆ ಸೈದಪ್ಪ ಇದ್ದದ್ದನ್ನು ಇದ್ದಂತೆ ಹೇಳಿದರು. ಎಂಜಿನ್ ಸರಿಯಿದೆ, ಆದರೆ ಕೇಬಲ್ ನೋಡದೆ ಬಿಟ್ಟದ್ದು ನನ್ನ ತಪ್ಪು ಎಂದರು. ದೌಲತರಾಯರು ಏನೋ ಹೇಳುವುದರೊಳಗೆ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಶಾರದಾಬಾಯಿ ಮಾತಾಡಿದರು.

“ಅವತ್ತ ಗಾಡಿ ನಿಂತಿದ್ದೂ ಚಲೋನ ಆತು ಕಾಕಾ. ಈಕಿಗಿ ಭಾಳ ಗಡಬಡಿ ಇತ್ತು. ಓಡೋ ಗಾಡ್ಯಾಗ ಹೆಂಗ ಹಡೀತಿದ್ದೆ ನಾ?”

ಗೌಡರು ನಕ್ಕರು. ಆ ಸಂಗತಿಗೆ ಸೈದಪ್ಪ ನಕ್ಕದ್ದು ಅದೇ ಮೊದಲು.

ಕೆಟ್ಟ ಸುದ್ದಿ ಹೋಗಿದ್ದ ದಾರಿಯಲ್ಲೇ ಈ ಸುದ್ದಿಯೂ ಹೋಯಿತು. ಅಫಜಲಪುರದ ಗಾಡಿಗಳು ಮತ್ತೆ ಬಂದವು, ಈಗ ಜೇವರ್ಗಿಯಿಂದಲೂ ಬರುತ್ತಿವೆ. ಶೆಡ್ಡಿನ ಪಕ್ಕ ಮಣ್ಣಿನ ಏರಿ ಹಾಕಿಸಿದ್ದು ಆಮೇಲೆಯೇ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೈದಪ್ಪ ತಗಡಿನ ಕಡೆ ನೋಡುತ್ತಾರೆ. ಕೆಳಗೆ ನಿಂತು ಕೆಲಸ ಮಾಡಲು ಕಲ್ಲು ಕಟ್ಟಿದ ಒಂದು ಗುಂಡಿ, ಮೇಲೆ ಒಂದಿಷ್ಟು ನೆರಳು, ಅಷ್ಟಾದರೆ ಬೆನ್ನು ನೋಯುವುದಿಲ್ಲವಂತೆ. ಇನ್ನೊಂದು ಆಸೆಯಿತ್ತು, ಅದು ಹೋದ ತಿಂಗಳು ತೀರಿತು ಎಂದು ಎದ್ದು, ಬಂದು ನಿಂತ ಟ್ರ್ಯಾಕ್ಸ್ ಗಾಡಿಯ ಕಡೆ ಹೋಗಿಬಿಡುತ್ತಾರೆ.

ಉಳಿದದ್ದನ್ನು ಬುತ್ತಿ ತಂದ ನಿಂಬೆವ್ವ ಹೇಳುತ್ತಾರೆ. ಕೆಲಸಕ್ಕೆಂದು ಕೂತದ್ದು ಬಿಟ್ಟರೆ, ಇಷ್ಟು ವರ್ಷ ತಾವು ಕೂಡಿಸಿದ ಯಾವ ಗಾಡಿಯಲ್ಲೂ ಸೈದಪ್ಪ ಪ್ರಯಾಣಿಕರಾಗಿ ಕೂತವರಲ್ಲ. ಹೋದ ತಿಂಗಳು ಗೌಡರು ಕಾರು ಕೊಟ್ಟು ಗಂಡಹೆಂಡತಿಯನ್ನು ಗಾಣಗಾಪುರಕ್ಕೆ ಕಳಿಸಿದ್ದರು. ದತ್ತಪ್ಪ ಓಡಿಸಿದರು, ಇವರಿಬ್ಬರೂ ಹಿಂದಿನ ಸೀಟಿನಲ್ಲಿ.

“ಚೌಡಾಪುರ ಬರೂದ್ರಾಗ ಇವ್ರಿಗಿ ನಿದ್ದಿ ಹತ್ತಿತ್ರಿ” ಎನ್ನುತ್ತಾರೆ ನಿಂಬೆವ್ವ, ರೊಟ್ಟಿಯ ಗಂಟು ಬಿಚ್ಚುತ್ತ. “ನನ್ ಹೆಗಲ ಮ್ಯಾಲ ತಲಿ ಇಟ್ಟು ಗೊರಕಿ ಹೊಡ್ಯಾಕತ್ತಿದ್ರು. ಗುಡಿ ಬಂದ್ರೂ ನಾ ಎಬ್ಬಿಸಲಿಲ್ಲ. ದತ್ತಪ್ಪಗ ಇನ್ನೊಂದ ಸುತ್ತ ಹೊಡೀಪಾ ಅಂದೆ.”