ವಾಚು ಬಿಚ್ಚಿದೆ, ಧೂಳೆಬ್ಬಿಸಬೇಡಿ

ಬೀದಿ ಗುಡಿಸುವವರು ಬರುವ ಮೊದಲೇ ವಾಚು ರಿಪೇರಿಯ ಈ ಅಕ್ಕ ಬಂದು ಕೂತಿರುತ್ತಾರೆ. ಮೂರು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಕುರ್ಚಿ ಹಿಡಿಸುವಷ್ಟು ಗೂಡು. ಎದ್ದರೆ ತಲೆಗೆ ಮೆಟ್ಟಿಲು ತಾಗುತ್ತದೆ, ಹಾಗಾಗಿ ಏಳುವ ಗೋಜಿಗೇ ಅವರು ಹೋಗುವುದಿಲ್ಲ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪೊಂದನ್ನು ಎತ್ತಿ ಅದರ ತೂತಿಗೆ ಇಳಿಸುತ್ತಿದ್ದಾರೆ. ನಾನು ನಮಸ್ಕಾರ ಎನ್ನುತ್ತೇನೆ. ತಿರುಪು ಕೂತ ಮೇಲೆಯೇ ಬಾಯಿ ಬಿಡುತ್ತಾರೆ.

"ಮಾತಾಡಿದ್ರೆ ಉಸಿರು ತಾಗಿ ಹಾರಿಹೋಗುತ್ತೆ. ಆಮೇಲೆ ನೀವೂ ನಾನೂ ನೆಲದ ಮೇಲೆ ಬೋರಲು ಬಿದ್ದು ಹುಡುಕ್ಬೇಕು. ಹೇಳಿ, ಏನು ಕೆಟ್ಟಿದೆ?"

ಏನೂ ಕೆಟ್ಟಿಲ್ಲ, ನಿಮ್ಮ ಬಗ್ಗೆ ಬರೆಯಲು ಬಂದೆ ಎಂದರೆ ಮುಖ ನೋಡುತ್ತಾರೆ. "ಹಾಗಾದ್ರೆ ಬೆಳಕು ಬಿಟ್ಟು ಪಕ್ಕಕ್ಕೆ ನಿಲ್ಲಿ."

ಪಕ್ಕಕ್ಕೆ ನಿಲ್ಲಲು ಜಾಗವಿಲ್ಲ. ಅಲ್ಲಿ ಇಟ್ಟಿಗೆ ಪೇರಿಸಿದ್ದಾರೆ. ಈ ಗೂಡಿಗೆ ಗೋಡೆ ಕಟ್ಟಿ, ಪಕ್ಕದ ಹೊಸ ವಾಚಿನ ಮಳಿಗೆಗೆ ಉಗ್ರಾಣ ಮಾಡಿಕೊಡಬೇಕೆಂದು ಕಟ್ಟಡದ ಮಾಲೀಕರು ತರಿಸಿದ ಇಟ್ಟಿಗೆ ಅದು. ಇಟ್ಟಿಗೆ ಬಂದು ವಾರಗಳೇ ಕಳೆದಿವೆ. ಗೋಡೆ ಇನ್ನೂ ಎದ್ದಿಲ್ಲ. ಸದ್ಯಕ್ಕೆ ಅದರ ಮೇಲೆ ಗಿರಾಕಿಗಳು ಕೂರುತ್ತಾರೆ. "ಒಳ್ಳೆ ಬೆಂಚು ಕೊಟ್ರು ಮಾಲೀಕರು. ನಾನೇ ತರಿಸ್ಬೇಕು ಅಂದ್ರೆ ಆಗ್ತಿತ್ತಾ?" ಎಂದು ಅವರು ನಗುತ್ತಾರೆ.

ಸುತ್ತಮುತ್ತಲಿನವರು ಅವರನ್ನು ಕರೆಯುವುದು ವಾಚಕ್ಕ ಎಂದು. ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ವಾಚು ಕಟ್ಟಿರುತ್ತಾರೆ. ಬಲಗೈಗೆ ಒಂದೂ ಇಲ್ಲ, ಅದು ಕೆಲಸದ ಕೈ. ಹೊಸಬರು ನೋಡಿದರೆ ಕದ್ದ ಮಾಲೆಂದುಕೊಳ್ಳಬೇಕು, ಹಾಗಿರುತ್ತದೆ. ಎಲ್ಲವೂ ಗಿರಾಕಿಗಳವು, ರಿಪೇರಿ ಮುಗಿದವು. ಮುಗಿದ ಮೇಲೂ ವಾಚಕ್ಕ ಕೊಡುವುದಿಲ್ಲ. ಕೈಗೆ ಕಟ್ಟಿಕೊಂಡು ನಾಲ್ಕು ದಿನ ಅಡುಗೆ ಮಾಡಿ, ಬಟ್ಟೆ ಮಡಚಿ, ಬಸ್ಸಿನ ಕಂಬಿ ಹಿಡಿದು ಜೋತಾಡಿ ನೋಡಬೇಕು. ಅಲ್ಲಿಯವರೆಗೆ ಗಿರಾಕಿ ಕಾಯಬೇಕು.

"ಮೇಜಿನ ಮೇಲೆ ಮಲಗಿದ್ದಾಗ ಎಲ್ಲಾ ವಾಚೂ ಸಂಭಾವಿತವೇ. ಕೈಗೆ ಕಟ್ಟಿ ಅಲ್ಲಾಡಿಸಿದಾಗ ಬಯಲಾಗೋದು ಬಂಡವಾಳ."

ಈ ಪಾಠ ಕಲಿಸಿದ್ದು ಒಂದು ಸುಟ್ಟ ಬ್ರೆಡ್ಡು. ಕೆಲಸ ಕಲಿತ ಹೊಸತರಲ್ಲಿ ಬೇಕರಿಯವರೊಬ್ಬರ ವಾಚನ್ನು ರಿಪೇರಿ ಮಾಡಿ, ಮೇಜಿನ ಮೇಲೆ ಇಡೀ ದಿನ ಓಡಿದ್ದನ್ನು ಕಂಡು, ಜಂಬದಿಂದ ಕೊಟ್ಟು ಕಳಿಸಿದ್ದರು. ಕೈಗೆ ಕಟ್ಟಿದ ವಾಚು ಒಂದು ಮಗ್ಗುಲಾದಾಗಲೆಲ್ಲ ನಿಲ್ಲುತ್ತಿತ್ತು. ಮರುದಿನ ಬೇಕರಿಯವರು ಬಂದು ಒಂದೂ ಮಾತಾಡದೆ ಇದ್ದಿಲಿನಂಥ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೋದರಂತೆ. "ಬೈದಿದ್ರೆ ಮರೆತುಬಿಡ್ತಿದ್ನೇನೋ. ಬೈಲಿಲ್ಲ ನೋಡಿ, ಅದಕ್ಕೇ ಇವತ್ತಿಗೂ ಮರೆಯೋಕಾಗಿಲ್ಲ" ಎನ್ನುತ್ತಾರೆ.

ಕೆಲಸ ಮೂಲದಲ್ಲಿ ಗಂಡನದು. ಮಾವನ ಕಾಲದಿಂದ ಗೂಡು ಇವರ ಕೈಯಲ್ಲಿದೆ. ಆಗಿನ ಮಾಲೀಕರೂ ಮಾವನೂ ಬಾಯಿಮಾತಲ್ಲೇ ಒಪ್ಪಿಕೊಂಡದ್ದು. ಗಂಡನಿಗೆ ಕೈನಡುಕ ಶುರುವಾದಾಗ ನೆಂಟರೆಲ್ಲ ಗೂಡು ಬಿಟ್ಟುಕೊಡಿ ಎಂದರು. ವಾಚಕ್ಕ ಜಪ್ಪಯ್ಯ ಎನ್ನಲಿಲ್ಲ. ಗಂಡ ಪಕ್ಕದಲ್ಲಿ ಕೂತು ಹೇಳುವುದು, ಇವರು ಮಾಡುವುದು ಎಂದಾಯಿತು. ಮನೆಯ ನಾಲ್ಕು ಗೋಡೆಯ ಮಧ್ಯೆ ಆಗದಷ್ಟು ಜಗಳ ಈ ಮೆಟ್ಟಿಲ ಕೆಳಗೆ ಆಗಿದೆ. "ಬಾಣಲೆಗೆ ಸುರಿದ ಹಾಗೆ ಎಣ್ಣೆ ಸುರೀಬೇಡ್ವೇ, ಸೂಜಿಮೊನೆಯಷ್ಟು ಸಾಕು ಅಂತ ಬಾಯಿ ಬಡ್ಕೊಳ್ತಿದ್ರು. ನಾನು, ಹಾಗಾದ್ರೆ ನೀವೇ ಹಾಕ್ರೀ ಅಂತಿದ್ದೆ. ಅವರಿಗೆ ಹಾಕೋಕಾಗಲ್ಲ ಅಂತ ಗೊತ್ತಿದ್ದೂ ಅಂತಿದ್ದೆ. ಸಿಟ್ಟು ಅಂದ್ರೆ ಹಾಗೇ ಅಲ್ವಾ?"

ಈಗ ಗಂಡನಿಗೆ ಬಸ್ಸು ಹತ್ತಲಾಗುವುದಿಲ್ಲ. ಸಂಜೆ ಹೆಂಡತಿ ಮನೆಗೆ ಬಂದ ಕೂಡಲೇ ಆಕೆಯ ಎಡಗೈ ಹಿಡಿದು, ಒಂದೊಂದೇ ವಾಚಿಗೆ ಕಿವಿಯಿಟ್ಟು ಆಲಿಸುತ್ತಾರೆ. "ಇದು ಕುಂಟ್ತಾ ಇದೆ, ಇನ್ನೊಂದ್ಸಲ ಬಿಚ್ಚು" ಎಂದರೆ ಆ ವಾಚು ಮತ್ತೆ ಮೇಜಿಗೆ ಹೋಗುತ್ತದೆ. "ಮದುವೆಯಾದ ಹೊಸದ್ರಲ್ಲೂ ಇಷ್ಟು ಹೊತ್ತು ಕೈ ಹಿಡಿದೋರಲ್ಲ ನಮ್ಮ ಯಜಮಾನ್ರು" ಎಂದು ವಾಚಕ್ಕ ಕಣ್ಣು ಮಿಟುಕಿಸುತ್ತಾರೆ. ಗೂಡು ಹೋದರೆ ಹೋಗುವುದು ಇವರ ಅನ್ನ ಮಾತ್ರವಲ್ಲ. ಆ ಮನುಷ್ಯನಿಗೆ ಉಳಿದಿರುವ ಕಸುಬೂ ಹೋಗುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ.

ದಿನಕ್ಕೆ ಮೂರೋ ನಾಲ್ಕೋ ವಾಚು ಬಿಚ್ಚಿದರೆ ಹೆಚ್ಚು. ಉಳಿದ ಹೊತ್ತು ಗಿರಾಕಿಗಳನ್ನು ಗದರಿಸುವುದರಲ್ಲಿ ಕಳೆಯುತ್ತದೆ. "ಕೈಯಲ್ಲಿ ಕಟ್ಕೊಂಡೇ ಕೀ ಕೊಡ್ತೀರಾ? ಕೀಲು ಸೊಟ್ಟಗಾಗದೆ ಇನ್ನೇನಾಗುತ್ತೆ! ಬಿಚ್ಚಿ, ಕೈಯಲ್ಲಿ ಹಿಡ್ಕೊಂಡು ಕೊಡಿ. ದಿನಾ ಬೆಳಿಗ್ಗೆ, ಒಂದೇ ಹೊತ್ತಿಗೆ." ಸ್ಪೀಕರಿನ ಮೇಲೆ ವಾಚಿಟ್ಟು ಮಲಗುವ ಯುವಕನೊಬ್ಬನಿಗೂ ಅರ್ಚನೆಯಾಗುತ್ತದೆ. ಅದರೊಳಗಿನ ಅಯಸ್ಕಾಂತ ವಾಚಿನ ಕೂದಲೆಳೆಯಂಥ ಸ್ಪ್ರಿಂಗನ್ನು ಕೆಡಿಸುತ್ತದಂತೆ. ಬೈಸಿಕೊಂಡವನು ನಗುತ್ತಲೇ ಹೋಗುತ್ತಾನೆ.

ಮಳಿಗೆಯವರು ಇವರನ್ನು ಕೆಲಸಕ್ಕೂ ಕರೆದಿದ್ದರು. ತಣ್ಣನೆಯ ಕೋಣೆ, ತಿರುಗುವ ಕುರ್ಚಿ, ಬ್ಯಾಟರಿ ಬದಲಿಸುವ ಕೆಲಸ. ಷರತ್ತು ಒಂದೇ. ಹಳೆಯ ಕೀ ವಾಚು ತಂದವರಿಗೆ ರಿಪೇರಿ ಆಗುವುದಿಲ್ಲ, ಹೊಸದು ತಗೊಳ್ಳಿ ಎನ್ನಬೇಕು. "ಆಗೋದನ್ನ ಆಗಲ್ಲ ಅನ್ನೋಕೆ ಸಂಬಳ ಯಾಕೆ? ಸುಳ್ಳನ್ನ ಬಿಟ್ಟಿಯಾಗಿ ಹೇಳೋರೇ ಬೇಕಾದಷ್ಟಿದ್ದಾರೆ ಅಂದೆ. ಅವರು ಮತ್ತೆ ಕರೀಲಿಲ್ಲ."

ಆಮೇಲೆ ಮಾಲೀಕರು ಗೂಡಿನ ಬಾಗಿಲು ಕೀಳಿಸಿದರು. ವಾಚಕ್ಕ ಸಂಜೆ ಹತಾರವನ್ನೆಲ್ಲ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ಒಯ್ಯತೊಡಗಿದರು. ಮಾಲೀಕರು ವಿದ್ಯುತ್ತಿನ ತಂತಿ ಕತ್ತರಿಸಿದರು. "ಬಾಗಿಲು ಹೋದ್ಮೇಲೆ ಬೆಳಕು ಚೆನ್ನಾಗಿ ಬರ್ತಿದೆ. ದೀಪ ಯಾರಿಗೆ ಬೇಕು?" ಕೊನೆಗೆ ಇಟ್ಟಿಗೆ ಬಂತು, ಗಾರೆಯವನು ಬಂದ. ಬಂದವನೇ ಹಳೆಯ ಚೌಕಟ್ಟು ಒಡೆಯಲು ಸುತ್ತಿಗೆ ಎತ್ತಿದ. ವಾಚಕ್ಕ ಮೇಜಿನತ್ತ ಬೆರಳು ತೋರಿಸಿದರು. ಅಲ್ಲಿ ಗಾಜಿನ ಲೋಟ ಬೋರಲು ಹಾಕಿ, ಅದರ ಕೆಳಗೆ ಬಿಚ್ಚಿದ ವಾಚೊಂದನ್ನು ಇಟ್ಟಿದ್ದರು.

"ವಾಚು ಬಿಚ್ಚಿದೆ, ಧೂಳೆಬ್ಬಿಸಬೇಡಪ್ಪ ಅಂದೆ. ಒಂದು ಕಣ ಒಳಗೆ ಹೋದ್ರೂ ಗಿರಾಕಿ ವಾಚು ಕೆಡುತ್ತೆ. ಮುಚ್ಚಿದ ಮೇಲೆ ಒಡಿ ಅಂದೆ. ಪಾಪ, ಕೂತ. ನಾನು ಒಂದನ್ನ ಮುಚ್ಚೋ ಮೊದಲೇ ಇನ್ನೊಂದು ಬಿಚ್ತೀನಿ. ಅವನು ಕಾಯ್ತಾನೆ, ನಾನು ಬಿಚ್ತೀನಿ."

ಅಂದಿನಿಂದ ಇದೇ ನಡೆದಿದೆ. ಗಾರೆಯವನು ದಿನವೂ ಬರುತ್ತಾನೆ. "ಮುಚ್ಚಾಯ್ತಾ ಅಕ್ಕಾ?" ಎನ್ನುತ್ತಾನೆ. "ಇಲ್ಲಪ್ಪ" ಎಂದು ಇವರು ಹೇಳಿದ ಮೇಲೆ ಇಟ್ಟಿಗೆಯ ಮೇಲೆ ಕೂತು ಟೀ ಕುಡಿಯುತ್ತಾನೆ.

ನಾನು ಹೋದ ದಿನ ಮಾಲೀಕರೇ ಕೆಳಗಿಳಿದು ಬರುತ್ತಾರೆ. ಒಳ್ಳೆಯ ಮಾತಿನಲ್ಲೇ ಶುರುಮಾಡುತ್ತಾರೆ. "ಏನಮ್ಮಾ, ಹೀಗೆ ಎಷ್ಟು ದಿನ?"

"ವಾಚು ಕೆಡ್ತಾ ಇರೋವರೆಗೆ ಸಾರ್."

ಅವರ ಮುಖ ಕೆಂಪಾಗುತ್ತದೆ. ಗಾರೆಯವನತ್ತ ತಿರುಗಿ "ಒಡಿಯೋ" ಎನ್ನುತ್ತಾರೆ. ಗಾರೆಯವನು ಏಳುತ್ತಾನೆ. ಲೋಟದ ಕೆಳಗಿನ ವಾಚನ್ನು ನೋಡುತ್ತಾನೆ, ಸುತ್ತಿಗೆಯನ್ನು ಹಿಡಿಯ ಕಡೆಯಿಂದ ಮಾಲೀಕರಿಗೇ ಚಾಚುತ್ತಾನೆ. "ಯಾರದೋ ವಾಚು ಸಾರ್. ನನ್ನ ಕೈಯಲ್ಲಾಗಲ್ಲ. ನೀವೇ ಒಂದೇಟು ಹಾಕಿ." ಮಾಲೀಕರು ಸುತ್ತಿಗೆ ತೆಗೆದುಕೊಳ್ಳುತ್ತಾರೆ. ಇಟ್ಟಿಗೆಯ ಮೇಲೆ ಕೂತಿದ್ದ ಗಿರಾಕಿಗಳೆಲ್ಲ ಅವರನ್ನೇ ನೋಡುತ್ತಿದ್ದಾರೆ. ಸುತ್ತಿಗೆಯನ್ನು ಮೆಟ್ಟಿಲ ಮೇಲಿಟ್ಟು, "ನಾಳೆ ಬರ್ತೀನಿ" ಎಂದು ಮೇಲೆ ಹೋಗುತ್ತಾರೆ. ಇದು ಗೆಲುವೆಂದು ನಾನು ಬರೆಯಲಾರೆ. ನಾಳೆ ಎಂಬುದೊಂದು ಇದ್ದೇ ಇದೆ.

ಗಾರೆಯವನಿಗೂ ಆ ನಾಳೆಯದೇ ಯೋಚನೆ. ತನ್ನ ಕೈಯ ವಾಚು ಬಿಚ್ಚಿ ಮೇಜಿನ ಮೇಲಿಡುತ್ತಾನೆ. "ಅಕ್ಕಾ, ನಾಳೆಗೆ ಇದನ್ನ ಬಿಚ್ಚಿಡು."

ವಾಚಕ್ಕ ಅದನ್ನು ಕಿವಿಗಿಟ್ಟುಕೊಳ್ಳುತ್ತಾರೆ. ತಿರುಗಿಸಿ, ಮಗುಚಿ, ಮತ್ತೆ ಆಲಿಸುತ್ತಾರೆ. "ಚೆನ್ನಾಗೇ ಓಡ್ತಿದೆಯಲ್ಲೋ ಇದು."

"ಓಡ್ತಿದೆ ಅಕ್ಕಾ. ಆದ್ರೂ ಬಿಚ್ಚು."

ಅವರು ಅವನ ಕೈಯನ್ನು ಎಳೆದುಕೊಂಡು ತಾವೇ ವಾಚು ಕಟ್ಟುತ್ತಾರೆ. "ಓಡೋದನ್ನ ಬಿಚ್ಚೋದು ನನ್ನ ಕೆಲಸ ಅಲ್ಲಪ್ಪ. ಸುಳ್ಳು ಹೇಳಿ ಕೂರೋದಾದ್ರೆ ಆ ತಣ್ಣನೆ ಕೋಣೇಲೇ ಕೂರ್ತಿದ್ದೆ. ಕೆಟ್ಟ ವಾಚು ಊರ ತುಂಬ ಇದೆ. ಅಷ್ಟು ಸಾಕು ನನಗೆ."