ನೀಲಾಬಾಯಿ ಬೇಯಿಸಿದ ಮೊಟ್ಟೆ

ನೀಲಾಬಾಯಿ ಲಿಂಗನೂರಿನ ಒಕ್ಕಲುತನದ ಮನೆಯಿಂದ ಸಾಂಗ್ಲಿಯ ಅರಿಸಿನದ ವ್ಯಾಪಾರಿ ಗುರುಸಿದ್ಧಪ್ಪನ ಹೆಂಡತಿಯಾಗಿ ಬಂದ ಮರುದಿನವೇ ಅತ್ತೆ ಅವಳನ್ನು ರೊಟ್ಟಿ ಬಡಿಯಲು ಕೂರಿಸಿದ್ದಳು. ರೊಟ್ಟಿ ತೆಳ್ಳಗೆ, ದುಂಡಗೆ, ಬುರುಬುರು ಉಬ್ಬಿ ಬಂತು. ಅತ್ತೆ ಎದ್ದು ಹೋದಳು. ಅಂದಿನಿಂದ ಆ ಮನೆಯ ಒಲೆ ನೀಲಾಬಾಯಿಯ ಪಾಲಾಯಿತು. ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಮಡಕೆಕಾಳಿನ ಉಸಳಿ, ಗಟ್ಟಿ ಮೊಸರು, ಅವಳ ಕೈಯದನ್ನು ಉಂಡವರು ಮತ್ತೆ ಬರುತ್ತಿದ್ದರು. ಆ ಅಡುಗೆಮನೆಗೆ ಸ್ನಾನ ಮಾಡದೆ ಯಾರೂ ಕಾಲಿಡುವಂತಿರಲಿಲ್ಲ. ಬೇಕರಿಯ ಕೇಕು ತಂದರೂ ಅದರಲ್ಲಿ ಮೊಟ್ಟೆ ಇಲ್ಲವೆಂದು ಎರಡೆರಡು ಸಲ ಕೇಳಿ ತರಬೇಕಾಗಿತ್ತು.

ಮಗ ಬಸವಪ್ರಸಾದ ಒಬ್ಬನೇ. ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ. ಮದುವೆಯಾಗಿ ಮೂರು ವರ್ಷವಾಗಿತ್ತು. ಹೆಂಡತಿ ಸೋನಾಲಿ ಮಿರಜದ ಮರಾಠಿ ಮನೆಯವಳು, ಅಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ಬಸವಪ್ರಸಾದನ ಚಪ್ಪಲಿ ಕಾಲಿಗೆ ಹಿಡಿಸದಾಯಿತು. ಬಿಸಿಲಿಗೆ ಬಾತಿರಬೇಕು ಎಂದುಕೊಂಡರು. ಆಮೇಲೆ ಮುಖವೂ ಬಾತಿತು. ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಎರಡೂ ಮೂತ್ರಪಿಂಡಗಳು ಹೋಗಿವೆ ಎಂದರು.

ಒಂದು ಮೂತ್ರಪಿಂಡ ಕೊಡೋಣವೆಂದರೆ ಸೋನಾಲಿಯ ರಕ್ತದ ಗುಂಪು ಹೊಂದಲಿಲ್ಲ. ಗುರುಸಿದ್ಧಪ್ಪನಿಗೆ ಹೃದಯದ ತೊಂದರೆ. ನೀಲಾಬಾಯಿ ತನ್ನದೇ ತೆಗೆದುಕೊಳ್ಳಿ ಎಂದು ಹಟ ಹಿಡಿದು ಪರೀಕ್ಷೆಗೆ ಹೋದರೆ, ಅವಳಿಗೂ ಗೊತ್ತಿಲ್ಲದೆ ಮೈಯಲ್ಲಿ ಸಕ್ಕರೆ ಕಾಯಿಲೆ ಸೇರಿಕೊಂಡಿತ್ತು. ಉಳಿದದ್ದು ಡಯಾಲಿಸಿಸ್. ವಾರಕ್ಕೆ ಎರಡು ಸಲ ಬಸವಪ್ರಸಾದ ಮಿರಜಕ್ಕೆ ಹೋಗಿ ಯಂತ್ರದ ಪಕ್ಕ ಮಲಗಿ, ಹಿಂಡಿದ ಬಟ್ಟೆಯಂತಾಗಿ ಮರಳುತ್ತಿದ್ದ.

ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಹುಡುಗಿ ಮರಾಠಿಯಲ್ಲಿ ಒಂದೊಂದಾಗಿ ಹೇಳುತ್ತಾ ಹೋದಳು. ಬೇಳೆ ಕಡಿಮೆ. ಹಾಲು, ಮೊಸರು ಕಡಿಮೆ. ಶೇಂಗಾ ಬೇಡ. ಕಾಳು ಬೇಡ. ನೀಲಾಬಾಯಿ ಗೋಡೆಗೆ ಒರಗಿ ಕೇಳುತ್ತಿದ್ದಳು. ತಾನು ಮಾಡಿ ಹಾಕಬಲ್ಲದ್ದೆಲ್ಲ ಮಗನಿಗೆ ವಿಷವಾಗಿತ್ತು. ಹಾಗಾದರೆ ಶಕ್ತಿ ಎಲ್ಲಿಂದ ಬರಬೇಕು ಎಂದು ಅವಳು ಕೇಳಿದಳು.

"ಮೊಟ್ಟೆ," ಅಂದಳು ಆ ಹುಡುಗಿ. "ಬೇಯಿಸಿದ ಮೊಟ್ಟೆಯ ಬಿಳಿ ಭಾಗ. ದಿನಾ ಕೊಡಬೇಕು."

ಮನೆಗೆ ಬಂದು ಗಂಡನಿಗೆ ಹೇಳಿದಾಗ ಗುರುಸಿದ್ಧಪ್ಪ ಹಣೆಯ ವಿಭೂತಿ ಒರೆಸಿಕೊಳ್ಳುವ ಹಾಗೆ ಅಂಗೈಯಿಂದ ಮುಖ ಉಜ್ಜಿಕೊಂಡ. ಅವನು ಕೆಟ್ಟವನಲ್ಲ. ಮಗನಿಗೆ ಕಾಯಿಲೆ ಎಂದು ತಿಳಿದಾಗಿನಿಂದ ಸೋಮವಾರ ಸೋಮವಾರ ಬರಿಗಾಲಲ್ಲಿ ಹರಿಪುರದ ಸಂಗಮೇಶ್ವರನ ಗುಡಿಗೆ ನಡೆದು ಹೋಗಿ ಬರುತ್ತಿದ್ದ.

"ನಾ ಹರಕಿ ಹೊತ್ತೀನಿ," ಎಂದ. "ಮನಿ ಶುದ್ಧ ಇಡ್ತೀನಿ, ಲಿಂಗಪೂಜಿ ಬಿಡಂಗಿಲ್ಲ, ನನ್ನ ಮಗನ್ನ ಉಳಸು ಅಂತ ಬೇಡಕೊಂಡೀನಿ. ಈಗ ನಮ್ಮ ಒಲಿ ಮ್ಯಾಲ ತತ್ತಿ ಬೇಯಸ್ತೀ ಏನು?"

"ಡಾಕ್ಟರ್ ಹೇಳ್ಯಾರ್ರಿ."

"ಡಾಕ್ಟರ್ ನೂರು ಹೇಳ್ತಾರ. ಒಲಿ ಮ್ಯಾಲ ಬ್ಯಾಡ ಅಂದ್ರ ಬ್ಯಾಡ."

ಆ ಮಾತಿನ ಸಂದಿಯಲ್ಲಿ ದಾರಿ ಹುಡುಕಿದವಳು ಸೋನಾಲಿ. ಅವಳ ಮದುವೆಗೆ ಅಣ್ಣ ಅಭಿಜಿತ ಕೊಟ್ಟಿದ್ದ ಕರೆಂಟಿನ ಪ್ರೆಶರ್ ಕುಕ್ಕರು ಡಬ್ಬಿ ಬಿಚ್ಚದೆ ಅಟ್ಟದ ಮೇಲೆ ಕೂತಿತ್ತು. ಅದನ್ನು ಇಳಿಸಿ, ಧೂಳು ಒರೆಸಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಮಶೀನಿನ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಅಲ್ಲೊಂದು ಪ್ಲಗ್ಗಿತ್ತು.

"ಆಯಿ, ಇದಕ್ಕ ಒಲಿ ಬೇಕಾಗೂದಿಲ್ಲ," ಅಂದಳು. ಮರಾಠಿಯಲ್ಲಿ ತಾಯಿಯನ್ನು ಕರೆಯುವಂತೆ ಅತ್ತೆಯನ್ನು ಆಯಿ ಅನ್ನುತ್ತಿದ್ದಳು; ಕನ್ನಡ ಅವಳ ಬಾಯಲ್ಲಿ ತಡವರಿಸುತ್ತಿತ್ತು. "ಅಡಗಿಮನಿಗೂ ಒಯ್ಯೂದು ಬ್ಯಾಡ. ಘಾಬರಿ ಆಗಬ್ಯಾಡ್ರಿ, ನಾ ತೋರಸ್ತೀನಿ."

ಒಳಗಿನ ಪಾತ್ರೆಗೆ ಒಂದು ಬಟ್ಟಲು ನೀರು ಹಾಕಿದಳು. ನೀರಿನ ಮೇಲೆ ಮೂರು ಕಾಲಿನ ಜಾಲರಿ ಇಟ್ಟು, ಅದರ ಮೇಲೆ ಮೊಟ್ಟೆ ಜೋಡಿಸಿದಳು. ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಹಬೆ ಹೋಗುವ ಗುಂಡಿಯನ್ನು ಮುಚ್ಚುವ ಕಡೆಗೆ ಸರಿಸಿ, ಐದು ನಿಮಿಷದ ಅಂಕಿ ಒತ್ತಿದಳು. ನೀಲಾಬಾಯಿ ಮೂಗಿಗೆ ಸೆರಗು ಹಿಡಿದು ದೂರ ನಿಂತು ನೋಡಿದಳು.

ಆದರೆ ಸೋನಾಲಿ ಬೆಳಗಾದರೆ ಮಿರಜದ ಬಸ್ಸು ಹಿಡಿಯಬೇಕು. ದಿನದ ಕೆಲಸ ನೀಲಾಬಾಯಿಗೇ ಬಂತು. ಮೊದಲ ದಿನ ಮೊಟ್ಟೆಯನ್ನು ಬರಿಗೈಯಲ್ಲಿ ಮುಟ್ಟಲಾಗದೆ ಒದ್ದೆ ಬಟ್ಟೆಯಿಂದ ಎತ್ತಲು ಹೋಗಿ ಜಾರಿಸಿದಳು. ಕಲ್ಲಿನ ಮೇಲೆ ಹಳದಿ ಲೋಳೆ ಹರಡಿತು. ಅದರ ಮೇಲೆ ಕೊಡ ಕೊಡ ನೀರು ಸುರಿದು ತೊಳೆದಳು. ಎರಡನೆಯ ದಿನ ಹಬೆಯ ಗುಂಡಿ ತೆರೆದೇ ಉಳಿದಿತ್ತು. ಹಬೆಯೆಲ್ಲ ಬುಸ್ಸೆಂದು ಹೊರಗೆ ಹೋಗಿ, ಒಡೆದು ನೋಡಿದರೆ ಒಳಗೆ ಅರೆಬೆಂದ ಗಂಜಿ. ಆಮೇಲೆ ಕೈಗೆ ಹದ ಸಿಕ್ಕಿತು. ಸಮಯ ಮುಗಿದು ಕುಕ್ಕರು ಪೀಪಿ ಎಂದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಉದ್ದ ಸೌಟಿನ ಹಿಡಿಯಿಂದ ಗುಂಡಿ ಸರಿಸಿ ಮುಖ ಆಚೆ ಮಾಡಬೇಕು. ಮೊಟ್ಟೆಗಳನ್ನು ತಣ್ಣೀರಿಗೆ ಬಿಟ್ಟರೆ ಸಿಪ್ಪೆ ತಾನಾಗಿ ಸರಿದು ಬರುತ್ತಿತ್ತು. ಎರಡು ಹೋಳು ಮಾಡಿ, ಹಳದಿ ತೆಗೆದು ಬೀದಿಯ ನಾಯಿಗೆ ಹಾಕಿ, ಬಿಳಿಯದನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ಮಗನ ಕೋಣೆಗೆ ಒಯ್ಯುತ್ತಿದ್ದಳು. ಆ ತಟ್ಟೆ ಹಿತ್ತಲಲ್ಲೇ ಇರುತ್ತಿತ್ತು. ಕೆಲಸ ಮುಗಿದ ಮೇಲೆ ಎರಡನೇ ಸಲ ಸ್ನಾನ ಮಾಡಿ ಅಡುಗೆಮನೆಗೆ ಹೋಗುತ್ತಿದ್ದಳು.

ಬಸವಪ್ರಸಾದ ಮಾತ್ರ ಅದನ್ನು ನುಂಗಲಿಲ್ಲ. ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಉಗುಳುತ್ತಿದ್ದ. ಮೆಣಸಿನಪುಡಿ ಉದುರಿಸಿ ಕೊಟ್ಟಳು. ಅನ್ನದಲ್ಲಿ ಕಿವುಚಿ ಕೊಟ್ಟಳು. ಅವನಿಗೆ ವಾಸನೆ ತಿಳಿಯುತ್ತಿತ್ತು. ಅವನ ಕೈಗಳು ಕಡ್ಡಿಯಾಗಿದ್ದವು.

"ಔಷಧ ಅಂತ ತಿಳಕೊಂಡು ತಿನ್ನೋ ನಮ್ಮಪ್ಪ," ಎಂದು ಅವಳು ಒಂದು ಬೆಳಗ್ಗೆ ಗೋಗರೆದಳು.

"ಸಣ್ಣಂವ ಇದ್ದಾಗ ದೋಸ್ತನ ಡಬ್ಬ್ಯಾಗಿನ ತತ್ತಿ ಮುಟ್ಟಿದ್ದಕ್ಕ ನೀನ ಬಡದಿದ್ದೆಲ್ಲವ್ವಾ," ಅಂದ ಬಸವಪ್ರಸಾದ. ಸಿಟ್ಟಿರಲಿಲ್ಲ, ಬರೀ ದಣಿವು. "ಈಗ ತಿನ್ನು ಅಂದ್ರ ಗಂಟಲಾಗ ಇಳೀಬೇಕಲ್ಲ. ಒಯ್ಯಿ ಅದನ್ನ."

"ಇಳೀತದ. ಪ್ರಯತ್ನ ಮಾಡು."

"ನೀ ತಿಂತೀ ಏನು? ನೀ ತಿಂದ್ರ ನಾನೂ ತಿಂತೀನಿ."

ಅವ್ವ ಇನ್ನು ಸುಮ್ಮನಾಗುತ್ತಾಳೆ ಎಂದು ಅವನು ಗೋಡೆಯ ಕಡೆ ಹೊರಳಿದ. ನೀಲಾಬಾಯಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಕೊರಳಲ್ಲಿ ಲಿಂಗವಿತ್ತು. ಎಡಗೈಯಿಂದ ಅದನ್ನು ಸೀರೆಯ ಸೆರಗಿನೊಳಗೆ ಮುಚ್ಚಿ, ಬಲಗೈಯಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡಳು. ಮೆತ್ತಗೆ, ಜಾರುವ ಹಾಗೆ, ಗಂಧಕದ ವಾಸನೆ. ಅಗಿಯುವಾಗ ಕಣ್ಣಲ್ಲಿ ನೀರು ಬಂತು. ನುಂಗಿದಳು.

"ಇಳೀತು ನೋಡು," ಅಂದಳು.

ಬಸವಪ್ರಸಾದ ತಿರುಗಿ ಅವಳನ್ನೇ ನೋಡಿದ. ಎದ್ದು ಕೂತು, ತಟ್ಟೆ ಇಸಿದುಕೊಂಡು ಉಳಿದದ್ದನ್ನು ತಿಂದ. ಅವನೂ ಅಳುತ್ತಿದ್ದ. ಅಂದಿನಿಂದ ದಿನವೂ ಅವಳು ಒಂದು ಹೋಳು, ಅವನು ಉಳಿದದ್ದು. ಬಾಗಿಲು ಮುಂದೆ ಮಾಡಿಕೊಂಡು, ಕದ್ದು ತಿನ್ನುವ ಮಕ್ಕಳಂತೆ, ಒಬ್ಬರ ಮುಖ ಒಬ್ಬರು ನೋಡುತ್ತಾ ತಿನ್ನುತ್ತಿದ್ದರು.

ಒಂದು ಸೋಮವಾರ ಗುರುಸಿದ್ಧಪ್ಪ ಹರಿಪುರದಿಂದ ಬೇಗ ಬಂದ. ಮಗನ ಹಣೆಗೆ ಭಸ್ಮ ಹಚ್ಚಬೇಕೆಂದು ಕೋಣೆಯ ಬಾಗಿಲು ನೂಕಿದಾಗ ಹೆಂಡತಿಯ ಬಾಯಿ ಇನ್ನೂ ಅಗಿಯುತ್ತಿತ್ತು. ಅವನು ನೋಡಿದ. ಭಸ್ಮ ಹಚ್ಚಿ ಹೊರಗೆ ಹೋದ. ಮಧ್ಯಾಹ್ನ ಉಣ್ಣಲು ಕರೆದರೆ ಬರಲಿಲ್ಲ.

"ಅಂವ ರೋಗಿ, ಅವಗ ಪಾಪ ಇಲ್ಲ," ಎಂದ, ಪಡಸಾಲೆಯಲ್ಲಿ ಕೂತು. "ನಿನಗೇನಾಗಿತ್ತು? ನಾ ಅಲ್ಲಿ ಕಾಲ ಸುಟಗೊಂಡು ನಡೀತೀನಿ, ನೀ ಇಲ್ಲಿ ಕುಂತು ನನ್ನ ಹರಕಿ ಮುರೀತಿ."

"ನಾ ತಿನ್ನದಿದ್ರ ಅಂವ ತಿಂತಿದ್ದಿಲ್ಲರಿ."

"ಇನ್ನ ಮ್ಯಾಲ ನಿನ್ನ ಕೈದು ನನಗ ಬ್ಯಾಡ."

ಸಿಟ್ಟು ಇಳಿದ ಮೇಲೆ ಉಣ್ಣುತ್ತಾನೆ ಎಂದುಕೊಂಡಿದ್ದಳು. ಅವನು ಉಣ್ಣಲಿಲ್ಲ. ಅಂಗಡಿಯಲ್ಲಿ ಅವಲಕ್ಕಿ, ಬಾಳೆಹಣ್ಣು ತಿಂದ. ಆಮೇಲೆ ಸಣ್ಣ ಪಾತ್ರೆ ತಂದು ತಾನೇ ಅನ್ನ ಇಟ್ಟುಕೊಳ್ಳತೊಡಗಿದ. ನೀಲಾಬಾಯಿ ಮೊಟ್ಟೆ ಬಿಡಲಿಲ್ಲ. ಆ ಸಲದ ರಕ್ತದ ರಿಪೋರ್ಟು ಸ್ವಲ್ಪ ಚೆನ್ನಾಗಿ ಬಂದಿತ್ತು. ಬಸವಪ್ರಸಾದ ಒಂದು ಸಂಜೆ ಸೋನಾಲಿಯ ಜೊತೆ ಕೃಷ್ಣಾ ನದಿಯ ಘಾಟಿನವರೆಗೂ ನಡೆದು ಹೋಗಿ ಬಂದ. ಅಷ್ಟಕ್ಕೇ ನೀಲಾಬಾಯಿ ಗಂಡನ ಮುನಿಸನ್ನು ಮರೆಯಬಲ್ಲವಳಾಗಿದ್ದಳು.

ಮಳೆಗಾಲ ಹಿಡಿದ ಮೇಲೆ ಬಸವಪ್ರಸಾದನಿಗೆ ಜ್ವರ ಬಂತು. ಎದೆಯಲ್ಲಿ ನೀರು ತುಂಬಿತು. ಮಿರಜದ ಆಸ್ಪತ್ರೆಯ ಮೊಗಸಾಲೆಯಲ್ಲಿ ಗಂಡ ಒಂದು ಬೆಂಚಿನ ಮೇಲೆ, ಹೆಂಡತಿ ಇನ್ನೊಂದರ ಮೇಲೆ ಕೂತಿದ್ದರು. ಸೋನಾಲಿ ಇಬ್ಬರ ನಡುವೆ ಚಹಾ ಹಿಡಿದುಕೊಂಡು ಓಡಾಡುತ್ತಿದ್ದಳು. ಶ್ರಾವಣದ ಮೊದಲ ವಾರ ಬಸವಪ್ರಸಾದ ಹೋದ.

ಮಣ್ಣು ಕೊಟ್ಟು ಬಂದ ಮೇಲೆ ಮನೆ ತುಂಬ ಜನ. ಗುರುಸಿದ್ಧಪ್ಪನ ಅಕ್ಕ ರುಕ್ಮವ್ವ ಸಾಂಗ್ಲಿವಾಡಿಯಿಂದ ಬಂದಿದ್ದಳು. ಪಡಸಾಲೆಯಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ, "ಮನ್ಯಾಗ ಏನೇನರ ಬೇಯಸಿ ತಿಂದ್ರ ದೇವರು ನಿಲ್ತಾನೇನವ್ವಾ," ಎಂದಳು. ನೀಲಾಬಾಯಿ ಗಂಡನ ಕಡೆ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ನೆಲ ನೋಡುತ್ತಾ ಕೂತಿದ್ದ.

"ಸಾಕು ಸುಮ್ಮನಿರ್ರಿ, ಆತ್ಯಾ!" ಎಂದು ಕೂಗಿದವಳು ಸೋನಾಲಿ. ಮುಂದಿನದ್ದನ್ನೆಲ್ಲ ಅವಳು ಮರಾಠಿಯಲ್ಲೇ ಹೇಳಿದಳು, ಅವಳ ಧ್ವನಿ ಒಡೆದುಹೋಗಿತ್ತು. ರುಕ್ಮವ್ವ ಎದ್ದು ಬೇರೆ ಕಡೆ ಹೋಗಿ ಕೂತಳು.

ಜನ ಕರಗಿದ ಮೇಲೆ ಒಂದು ಮಧ್ಯಾಹ್ನ ಗುರುಸಿದ್ಧಪ್ಪ ತಾನಾಗಿ ಮಾತು ತೆಗೆದ.

"ನೀ ತಿನ್ನದ ಇದ್ದಿದ್ರ ಉಳೀತಿದ್ನೋ ಏನೋ."

"ನಾ ತಿಂದದ್ದಕ್ಕ ಅಷ್ಟು ದಿನ ಇದ್ದ," ಅಂದಳು ನೀಲಾಬಾಯಿ.

ಅವನು ತಲೆಯಲ್ಲಾಡಿಸಿದ. ಅವಳನ್ನು ನಂಬಲಿಲ್ಲ. ಅವಳಿಗೂ ತನ್ನ ಮಾತಿನಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ಕೈ ತೊಳೆಯುತ್ತಾ ನಿಂತಳು.

ಸೋನಾಲಿ ದೀಪಾವಳಿಯ ರಜೆಗೆ ಮೊದಲು ತವರಿಗೆ ಹೊರಟಳು. "ನೀವೂ ಬರ್ರಿ ಆಯಿ, ನಾಲ್ಕ ದಿನ ಇದ್ದು ಬರೂಣಂತ," ಎಂದು ಕೈ ಹಿಡಿದಳು. ನೀಲಾಬಾಯಿ ಬರುವುದಿಲ್ಲ ಅಂದಳು. ಸೊಸೆಯ ಚೀಲವನ್ನು ರಿಕ್ಷಾದವರೆಗೆ ತಾನೇ ಹೊತ್ತು ತಂದು ಕೂರಿಸಿದಳು. ಹುಡುಗಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ತಿರುಗಿ ಬಾ ಅನ್ನಲು ಬಾಯಿ ಬರಲಿಲ್ಲ.

ಈಗ ಗುರುಸಿದ್ಧಪ್ಪ ನಸುಕಿನಲ್ಲೇ ಎದ್ದು, ಪೂಜೆ ಮುಗಿಸಿ, ತನ್ನ ಸಣ್ಣ ಪಾತ್ರೆಯಲ್ಲಿ ಅನ್ನಕ್ಕೆ ಇಡುತ್ತಾನೆ. ಇಷ್ಟು ತಿಂಗಳಾದರೂ ನೀರಿನ ಅಂದಾಜು ಅವನಿಗೆ ಸಿಕ್ಕಿಲ್ಲ. ಒಳಕೋಣೆಯಲ್ಲಿ ಎಚ್ಚರವಾಗಿ ಮಲಗಿರುವ ನೀಲಾಬಾಯಿಗೆ ಅನ್ನ ತಳ ಹಿಡಿಯುವ ವಾಸನೆ ಬರುತ್ತದೆ. ಎದ್ದು ಹೋಗಿ ಉರಿ ಸಣ್ಣ ಮಾಡಬಹುದು ಎಂದು ಮೊದಮೊದಲು ಅನ್ನಿಸುತ್ತಿತ್ತು. ಎರಡು ಸಲ ಹೋಗಿಯೂ ಇದ್ದಳು. ಅವಳ ಕೈ ಒಲೆಯ ಕಡೆ ಚಾಚಿದ್ದು ಕಂಡು ಅವನು ಆ ಅನ್ನವನ್ನು ಹಾಗೇ ಚೆಲ್ಲಿ ಹೊಸದಾಗಿ ಅಕ್ಕಿ ತೊಳೆದಿದ್ದ. ಈಗ ಅವಳು ಏಳುವುದಿಲ್ಲ. ಅವನು ಕರಕಲು ಕೆರೆದು ಉಂಡು, ಪಾತ್ರೆ ತೊಳೆದಿಟ್ಟು ಅಂಗಡಿಗೆ ಹೋದ ಮೇಲೆ ಅಡುಗೆಮನೆಗೆ ಬಂದು, ತನಗೊಬ್ಬಳಿಗೆ ಎಷ್ಟು ಹಿಟ್ಟು ಬೇಕೆಂದು ತಿಳಿಯದೆ, ಹಿಟ್ಟಿನ ಡಬ್ಬಿಯ ಮುಂದೆ ಬಹಳ ಹೊತ್ತು ಕೂತಿರುತ್ತಾಳೆ.