ಬೀಗತಿಗೆ ಹೊಡೆದ ಕಣ್ಣು

ನಾನು ಬೀಗತಿಗೆ ಕಣ್ಣು ಹೊಡೆದೆನೆಂಬ ಸುದ್ದಿ ಬೈಲಹೊಂಗಲದಿಂದ ಮುನವಳ್ಳಿಯವರೆಗೆ ಹಬ್ಬಿದೆ. ನಿಮ್ಮ ಕಿವಿಗೂ ಬಿದ್ದಿರಬಹುದು.

ಮಗಳ ಸಂಬಂಧದ ಮಾತುಕತೆಗೆ ಮುನವಳ್ಳಿಗೆ ಹೋಗಿದ್ದೆವು. ಅಂದು ಬೆಳಿಗ್ಗೆಯಿಂದ ನನಗೆ ಎಲ್ಲವೂ ಜೋಡಿಯಾಗಿ ಕಾಣುತ್ತಿತ್ತು. ವರ್ಷವರ್ಷವೂ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆಯುವ ವಿಜ್ಞಾನದ ಮಾಸ್ತರನಾದ ನಾನು ಮಾಡಿದ್ದೇನು? ಅಂಗಿಯ ತುದಿಯಿಂದ ಕನ್ನಡಕ ತಿಕ್ಕಿದೆ, ಅಷ್ಟೆ. ಹುಡುಗನ ತಾಯಿ ಚಹಾ ತಂದಾಗ ಎದುರಿಗೆ ಇಬ್ಬರು ಬೀಗತಿಯರು, ಎರಡು ತಾಟು! ಬಲಗಣ್ಣು ಮುಚ್ಚಿದೆ, ಒಬ್ಬರೇ ಉಳಿದರು. ಸಮಾಧಾನವಾಗಿ ನಕ್ಕೆ. ಆ ನಗುವೇ ಮುಳುವಾಯಿತು. ಅವರು ತಾಟನ್ನು ಅಲ್ಲೇ ಕುಕ್ಕಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. "ವಿಚಾರ ಮಾಡಿ ಹೇಳತೇವ್ರಿ" ಎಂದು ಬೀಗರು ಕಳಿಸಿಕೊಟ್ಟರು. ಹುಡುಗನನ್ನು ಮೆಚ್ಚಿದ್ದ ಮಗಳು ಆ ರಾತ್ರಿ ಊಟ ಮಾಡಲಿಲ್ಲ.

ಬೆಳಗಾವಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಣ್ಣಿಗೇನೂ ಆಗಿಲ್ಲ ಎಂದರು. ಕಣ್ಣುಗುಡ್ಡೆಯನ್ನು ಹೊರಗಡೆಗೆ ಎಳೆಯುವ ಸ್ನಾಯುವಿಗೆ ಅಪ್ಪಣೆ ಕೊಡುವ ನರವೊಂದಿದೆಯಂತೆ. ಸಕ್ಕರೆ ಕಾಯಿಲೆಯಿಂದ ಅದಕ್ಕೆ ರಕ್ತ ಸಾಲದೆ ಸೊರಗಿದೆ. ಹಾಗಾಗಿ ಎಡಗಣ್ಣು ನೆಟ್ಟಗೆ ನೋಡಿದರೆ ಬಲಗಣ್ಣು ಮೂಗಿನ ಕಡೆ ಸರಿಯುತ್ತದೆ, ಜೋಡೆತ್ತಿನಲ್ಲಿ ಒಂದು ಒಳಕ್ಕೆ ಎಳೆದಂತೆ. ಸಕ್ಕರೆ ಹತೋಟಿಗೆ ಬಂದರೆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ ಎಂದರು. ಕಣ್ಣು ಕಾಯಬಹುದು, ಸಂಬಂಧ ಕಾಯುತ್ತದೆಯೇ?

"ಕಣ್ಣಾಗ ಕಸ ಬಿದ್ದಿತ್ತು ಅಂತ ಹೇಳ್ರಿ. ಸಕ್ಕರಿ ರೋಗ ಅಂದ್ರ ನಾಳೆ ಹುಡುಗಿಗೂ ಬರತೈತಿ ಅಂತಾರ" ಎಂದಳು ಹೆಂಡತಿ. ಸುಳ್ಳು ಹೇಳಿ ಹೆಣ್ಣು ಕೊಡುವುದು ನನ್ನಿಂದಾಗದು. ಮುರಿದರೆ ನಿಜ ಹೇಳಿಯೇ ಮುರಿಯಲಿ ಎಂದು ಹಟ ಹಿಡಿದು ಹೊರಟೆ. ಬಸ್ಸಿಗೆ ಎರಡು ಬಾಗಿಲು ಕಂಡವು. ಇಲ್ಲದ ಬಾಗಿಲಿಗೆ ಹಣೆ ಬಡಿದುಕೊಂಡು, ಇದ್ದ ಬಾಗಿಲಲ್ಲಿ ಹತ್ತಿದೆ.

ಮುನವಳ್ಳಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಬೀಗರೆದುರು ಕುಳಿತು ನರ, ಸ್ನಾಯು, ಸಕ್ಕರೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಮೀಸೆಯಲ್ಲೇ ನಕ್ಕರು. "ಒಬ್ಬಾಕಿನ್ನ ಸಂಭಾಳಸೂದ ನನಗ ಕಠಿಣ ಆಗೇತಿ. ಇಬ್ಬರನ್ನ ಕಂಡೂ ನೀವು ಓಡಿ ಹೋಗಲಿಲ್ಲಲ್ರಿ!" ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬೀಗತಿ ನಗಲಿಲ್ಲ. ಒಳಗೆ ನಡೆದರು.

ಸ್ವಲ್ಪ ಹೊತ್ತಿಗೆ ಬಂದು, "ಸಕ್ಕರಿ ಹಾಕಿಲ್ರಿ" ಎಂದು ತಾಟು ಮುಂದಿಟ್ಟರು. ನಾಲ್ಕು ಕಪ್ಪು ಕಂಡವು. ಕೈಯಿಂದ ಬಲಗಣ್ಣು ಮುಚ್ಚಿದೆ, ಎರಡು ಉಳಿದವು.

"ಇನ್ನೊಂದು ಯಾರಿಗ್ರಿ?"

"ನನಗ್ರೀ," ಬೀಗತಿ ಗಂಡನ ಕಡೆ ನೋಡದೆ ಹೇಳಿದರು. "ಭಾಳ ವರ್ಷಾತು, ಗುಳಿಗಿ ಅವಲಕ್ಕಿ ಡಬ್ಬಿಯಾಗ ಮುಚ್ಚಿಟ್ಟು ತಿನ್ನಾಕತ್ತೇನಿ. ನಿಶ್ಚಯದ ದಿನಾ ನೋಡ್ರಿ ಬೀಗರ."

ಅವರ ಗಂಡನ ಕಪ್ಪು ತುಟಿಯ ಹತ್ತಿರವೇ ನಿಂತುಬಿಟ್ಟಿತು. ಪಾಪ, ಅವರ ಎರಡೂ ಕಣ್ಣು ನೆಟ್ಟಗಿದ್ದವು.